ಒಂದು ಗೇಣು ಸಡಿಲು: ಸೀಟ್ ಬೆಲ್ಟ್ ಯಾಕೆ ವಾಪಸ್ ಹೋಗಲ್ಲ?

ಇವತ್ತಿನ ಸಂಚಿಕೆ ಕೋಣಂದೂರಿನ ನಮ್ಮ ಮನೆಯಿಂದ. ಹೊರಗೆ ಮಳೆ ಹೊಡೀತಾ ಇದೆ, ಹಂಚಿನ ಸದ್ದು ಮೈಕಿಗೆ ಬಂದ್ರೆ ಸ್ವಲ್ಪ ಸಹಿಸ್ಕೊಳ್ಳಿ.

ವಿಷಯ ಕೇಳಿದ್ರೆ ಸಣ್ಣದು ಅನ್ನಿಸಬಹುದು. ಕಾರಿನ ಸೀಟ್ ಬೆಲ್ಟ್ ಬಿಚ್ಚಿದ ಮೇಲೆ ತಾನಾಗೇ ಸರಕ್ಕನೆ ಒಳಗೆ ಹೋಗಬೇಕು ಅಲ್ವಾ? ಎಷ್ಟೋ ಕಾರುಗಳಲ್ಲಿ ಅದು ಹೋಗಲ್ಲ. ಅರ್ಧಕ್ಕೆ ನಿಲ್ಲುತ್ತೆ, ಸೀಟಿನ ಪಕ್ಕ ಜೋತಾಡ್ತಾ ಇರುತ್ತೆ, ಬಾಗಿಲು ಹಾಕುವಾಗ ಸಿಕ್ಕಿಹಾಕ್ಕೊಳ್ಳುತ್ತೆ. ನಾವು ಕೈಯಲ್ಲಿ ತಳ್ಳಿ, ‘ಹಳೇ ಕಾರು, ಇನ್ನೇನು’ ಅಂತ ಸುಮ್ಮನಾಗ್ತೀವಿ. ನಾನೂ ಒಂದು ವರ್ಷ ಹಾಗೇ ಸುಮ್ಮನಿದ್ದೆ.

ಹೋದ ಮಳೆಗಾಲದಲ್ಲಿ ಅಮ್ಮನನ್ನ ಕೂರಿಸ್ಕೊಂಡು ತೀರ್ಥಹಳ್ಳಿಗೆ ಹೊರಟಿದ್ದೆ. ಹಿಂದಿನ ಸೀಟಲ್ಲಿ ಅಡಿಕೆ ಚೀಲ ಇತ್ತು. ಜಾಗ ಸಾಲದೆ ಅಮ್ಮನ ಸೀಟನ್ನ ಪೂರ್ತಿ ಮುಂದಕ್ಕೆ ಎಳೆದಿದ್ವಿ. ಒಂದು ತಿರುವಿನಲ್ಲಿ ದನ ಅಡ್ಡ ಬಂತು, ಜೋರಾಗಿ ಬ್ರೇಕ್ ಒತ್ತಿದೆ. ದನಕ್ಕೂ ಏನೂ ಆಗಲಿಲ್ಲ, ಕಾರಿಗೂ ಏನೂ ಆಗಲಿಲ್ಲ. ಅಮ್ಮನ ಹಣೆ ಮಾತ್ರ ಡ್ಯಾಶ್‌ಬೋರ್ಡಿಗೆ ಹೊಡೀತು. ಮೂರು ಹೊಲಿಗೆ ಬಿತ್ತು.

ಅಮ್ಮ ಬೆಲ್ಟ್ ಹಾಕಿದ್ದಳು. ಆದ್ರೆ ಅದು ಮೊದಲೇ ಸರಿಯಾಗಿ ಒಳಗೆ ಹೋಗ್ತಿರಲಿಲ್ಲ. ಕುತ್ತಿಗೆಗೆ ಉಜ್ಜುತ್ತೆ ಅಂತ ಅಮ್ಮ ಹೇಳಿದ್ದಕ್ಕೆ ನಾನೇ ಆನ್‌ಲೈನಲ್ಲಿ ಒಂದು ಪ್ಲಾಸ್ಟಿಕ್ ಕ್ಲಿಪ್ ತರಿಸಿ, ಬೆಲ್ಟ್ ಸಡಿಲವಾಗೇ ನಿಲ್ಲೋ ಹಾಗೆ ಹಾಕಿಕೊಟ್ಟಿದ್ದೆ. ಎದೆಗೂ ಬೆಲ್ಟಿಗೂ ನಡುವೆ ಹತ್ತಿರ ಹತ್ತಿರ ಒಂದು ಗೇಣು ಜಾಗ. ಬ್ರೇಕ್ ಹಾಕಿದಾಗ ಬೆಲ್ಟ್ ಲಾಕ್ ಆಯ್ತು. ಅದರ ಕೆಲಸ ಅದು ಮಾಡ್ತು. ಆದ್ರೆ ಅಮ್ಮನ ಮೈ ಅದಕ್ಕೆ ಸಿಗೋ ಹೊತ್ತಿಗೆ ನಾನು ಬಿಟ್ಟಿದ್ದ ಆ ಗೇಣು ಖರ್ಚಾಗಿತ್ತು.

ವಾಪಸ್ ಬರುವಾಗ ಅಮ್ಮ ಹೇಳಿದ್ದು ಇಷ್ಟು: ‘ನಂದೇ ತಪ್ಪು ಮಾರಾಯ, ಗಟ್ಟಿಯಾಗಿ ಹಿಡ್ಕೊಂಡು ಕೂರ್ಬೇಕಿತ್ತು.’ ತಪ್ಪು ಅವಳದ್ದಲ್ಲ ಅಂತ ನನಗೆ ಗೊತ್ತಿತ್ತು. ಆಮೇಲೆ ಕೂತು ಬೆಲ್ಟ್ ಬಗ್ಗೆ ಓದಿದೆ, ಗ್ಯಾರೇಜಿನವರನ್ನ ಕೇಳಿದೆ, ನಮ್ಮ ಕಾರಲ್ಲೇ ಮಾಡಿ ನೋಡಿದೆ. ತಿಳ್ಕೊಂಡಿದ್ದನ್ನ ಈಗ ಹೇಳ್ತೀನಿ.

ಡಬ್ಬಿಯೊಳಗೆ ಏನಿದೆ?

ಈಗ ನಾವು ಹಾಕೋ ಮೂರು ಬಿಂದುವಿನ ಬೆಲ್ಟ್, ಅಂದ್ರೆ ಭುಜದಿಂದ ಸೊಂಟಕ್ಕೆ ಬಂದು ಸೊಂಟದ ಮೇಲೆ ಅಡ್ಡ ಹೋಗೋ ಬೆಲ್ಟ್, 1959ರದ್ದು. ವೋಲ್ವೊ ಕಂಪನಿಯ ಎಂಜಿನಿಯರ್ ನಿಲ್ಸ್ ಬೊಲಿನ್ ಅದನ್ನ ರೂಪಿಸಿದ್ರು. ಕಂಪನಿ ಅದರ ಪೇಟೆಂಟನ್ನ ಬೇರೆ ಕಾರು ಕಂಪನಿಗಳೂ ಬಳಸೋಕೆ ಬಿಟ್ಟುಕೊಡ್ತು. ಬೆಲ್ಟ್ ತಾನಾಗೇ ಸುತ್ತಿಕೊಳ್ಳೋ ವ್ಯವಸ್ಥೆ ಸಾಮಾನ್ಯ ಆಗಿದ್ದು ಅದರ ನಂತರ.

ಮುಂದಿನ ಸೀಟಿನ ಪಕ್ಕ, ಎರಡು ಬಾಗಿಲುಗಳ ನಡುವಿನ ಕಂಬದ ಕೆಳಗೆ, ಪ್ಲಾಸ್ಟಿಕ್ ಮುಚ್ಚಳದ ಹಿಂದೆ ಒಂದು ಡಬ್ಬಿ ಇದೆ. ಅದೇ ರಿಟ್ರ್ಯಾಕ್ಟರ್. ಬಡಗಿ ಹತ್ರ ಇರೋ ಸ್ಟೀಲ್ ಟೇಪ್ ನೋಡಿದೀರಲ್ಲ, ಎಳೆದು ಬಿಟ್ರೆ ಒಳಗೆ ಓಡುತ್ತೆ. ಇದೂ ಹಾಗೇ. ಒಳಗೆ ಒಂದು ಉರುಳೆ, ಉರುಳೆಯ ಪಕ್ಕದಲ್ಲಿ ಸುರುಳಿ ಸ್ಪ್ರಿಂಗ್. ಬೆಲ್ಟ್ ಎಳೆದಾಗ ಸ್ಪ್ರಿಂಗ್ ಬಿಗಿಯಾಗುತ್ತೆ, ಬಿಟ್ಟಾಗ ಉರುಳೆಯನ್ನ ತಿರುಗಿಸಿ ಬೆಲ್ಟನ್ನ ಒಳಗೆ ಎಳೆದುಕೊಳ್ಳುತ್ತೆ.

ಆ ಸ್ಪ್ರಿಂಗಿಗೆ ಬಲ ಬಹಳ ಕಡಿಮೆ. ಬೇಕಂತಲೇ ಹಾಗೆ ಮಾಡಿರ್ತಾರೆ. ಜಾಸ್ತಿ ಬಲ ಇದ್ರೆ ಎದೆ ಒತ್ತುತ್ತೆ, ಯಾರೂ ಹಾಕ್ಕೊಳ್ಳಲ್ಲ. ಸೀಟ್ ಬೆಲ್ಟಿಗೆ ಅಂತ ಇರೋ ವಿಶ್ವಸಂಸ್ಥೆಯ 16ನೇ ವಾಹನ ನಿಯಮದ ಪ್ರಕಾರ ಭುಜದ ಬೆಲ್ಟಿನ ಎಳೆತ 1 ನ್ಯೂಟನ್‌ನಿಂದ 7 ನ್ಯೂಟನ್ ಒಳಗೆ ಇರಬೇಕು. 1 ನ್ಯೂಟನ್ ಅಂದ್ರೆ ಸುಮಾರು 100 ಗ್ರಾಂ ತೂಕ. ಒಂದು ಸೋಪಿನಷ್ಟು. ಅಷ್ಟು ಮೆತ್ತಗಿನ ಎಳೆತಕ್ಕೆ ದಾರಿಯಲ್ಲಿ ಸ್ವಲ್ಪ ಅಂಟು ಸಿಕ್ಕಿದ್ರೂ ಸಾಕು, ಬೆಲ್ಟ್ ನಿಂತುಬಿಡುತ್ತೆ.

ಡಬ್ಬಿಯಲ್ಲೇ ಎರಡನೇ ಕೆಲಸವೂ ನಡೆಯುತ್ತೆ, ಅದು ಲಾಕ್ ಮಾಡೋದು. ಬಹಳಷ್ಟು ಕಾರುಗಳಲ್ಲಿ ಒಂದು ಬಟ್ಟಲಲ್ಲಿ ಸಣ್ಣ ಉಕ್ಕಿನ ಗುಂಡು ಇರುತ್ತೆ. ಕಾರು ಗಕ್ಕನೆ ನಿಂತಾಗ ಗುಂಡು ಉರುಳಿ ಒಂದು ಸಣ್ಣ ಕೊಕ್ಕೆಯನ್ನ ಎತ್ತುತ್ತೆ, ಕೊಕ್ಕೆ ಉರುಳೆಯ ಹಲ್ಲಿಗೆ ಸಿಕ್ಕಿ ಬೆಲ್ಟ್ ನಿಲ್ಲುತ್ತೆ. ಬೆಲ್ಟನ್ನ ಜೋರಾಗಿ ಜಗ್ಗಿದ್ರೂ ಲಾಕ್ ಆಗುತ್ತೆ, ಅದಕ್ಕೆ ಬೇರೆ ಕೊಕ್ಕೆ ಇದೆ.

ಇಲ್ಲಿ ಮಲೆನಾಡಿನವರಿಗೆ ಒಂದು ಮಾತು. ಮನೆ ಮುಂದಿನ ಏರಿನಲ್ಲಿ ಕಾರು ನಿಲ್ಲಿಸಿ ಬೆಲ್ಟ್ ಎಳೆದ್ರೆ ಬರೋದೇ ಇಲ್ಲ, ಕೆಟ್ಟಿದೆ ಅಂತ ಕೆಲವರು ಹೇಳ್ತಾರೆ. ಅದು ಕೆಟ್ಟಿರಲೇಬೇಕು ಅಂತಿಲ್ಲ. ಅದೇ ನಿಯಮದಲ್ಲಿ, 12 ಡಿಗ್ರಿವರೆಗೆ ವಾಲಿದ್ರೆ ಲಾಕ್ ಆಗಬಾರದು, 27 ಡಿಗ್ರಿ ದಾಟಿದ್ರೆ ಆಗಲೇಬೇಕು ಅಂತ ಇದೆ. ನಡುವೆ ಎಲ್ಲಿ ಲಾಕ್ ಆಗುತ್ತೆ ಅನ್ನೋದು ಕಾರಿನಿಂದ ಕಾರಿಗೆ ಬೇರೆ. ಸಮ ಜಾಗಕ್ಕೆ ತಂದು ಎಳೆದು ನೋಡಿ. ಅಲ್ಲಿ ಸಲೀಸಾಗಿ ಬಂದ್ರೆ ಬೆಲ್ಟ್ ಸರಿ ಇದೆ.

ನಮ್ಮ ಕಡೆ ಬೆಲ್ಟ್ ಯಾಕೆ ಸೋಮಾರಿ ಆಗುತ್ತೆ?

ಬೆಲ್ಟ್ ವಾಪಸ್ ಹೋಗದಿದ್ರೆ ಎಲ್ಲರೂ ಮೊದಲು ಹೇಳೋದು ‘ಸ್ಪ್ರಿಂಗ್ ಹೋಗಿದೆ’ ಅಂತ. ಅದಕ್ಕಿಂತ ಮೊದಲು ನೋಡಬೇಕಾದ ಜಾಗ ಭುಜದ ಹತ್ತಿರ, ಕಂಬದ ಮೇಲೆ ಇದೆ. ಬೆಲ್ಟ್ ಅಲ್ಲಿ ಒಂದು ಬಳೆಯ ಮೂಲಕ ತೂರಿ ಬರುತ್ತೆ. ಗ್ಯಾರೇಜಿನಲ್ಲಿ ಡಿ ರಿಂಗ್ ಅಂತಾರೆ. ಬಾವಿ ರಾಟೆ ಇದ್ದ ಹಾಗೆ ಅಂದುಕೊಳ್ಳಿ, ಆದ್ರೆ ತಿರುಗಲ್ಲ, ಬೆಲ್ಟ್ ಅದರ ಮೇಲೆ ಉಜ್ಜಿಕೊಂಡೇ ಓಡಾಡಬೇಕು. ನಮ್ಮ ಬೆವರು, ತಲೆಗೆ ಹಾಕಿದ ಎಣ್ಣೆ, ರಸ್ತೆ ಧೂಳು ಎಲ್ಲ ಬೆಲ್ಟಿಗೆ ಅಂಟಿ, ಕೊನೆಗೆ ಆ ಬಳೆಯಲ್ಲಿ ಮೇಣದ ಹಾಗೆ ಕೂರುತ್ತೆ.

ಇದರ ಮೇಲೆ ನಮ್ಮ ಊರಿನ ಕೊಡುಗೆ ಬೇರೆ ಇದೆ. ಬೇಸಿಗೆಯಲ್ಲಿ ಕೆಂಪು ಧೂಳು. ಕೊಯ್ಲಿನ ಕಾಲದಲ್ಲಿ ಅಡಿಕೆ ಚೊಗರು ಹತ್ತಿದ ಕೈ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ಔಷಧಿ ಹೊಡೆದು ಅದೇ ಬಟ್ಟೆಯಲ್ಲಿ ಕಾರು ಹತ್ತೋದು. ಒದ್ದೆ ಅಂಗಿಯ ಮೇಲೇ ಬೆಲ್ಟ್ ಹಾಕಿ, ಒದ್ದೆ ಬೆಲ್ಟನ್ನೇ ಡಬ್ಬಿಯೊಳಗೆ ಬಿಡೋದು. ನಮ್ಮ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಹೆಚ್ಚು ಮಳೆ. ಕೋಣಂದೂರಲ್ಲಿ ಅಷ್ಟಿಲ್ಲದಿದ್ರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರಿನ ಒಳಗೆ ಯಾವುದೂ ಪೂರ್ತಿ ಒಣಗಲ್ಲ. ಚಪ್ಪಲಿಗೆ, ಬ್ಯಾಗಿಗೆ ಬರೋ ಬೂಷ್ಟು ಬೆಲ್ಟಿಗೂ ಬರುತ್ತೆ.

ಬೇರೆ ಕಾರಣಗಳೂ ಇವೆ. ಬೆಲ್ಟ್ ಎಲ್ಲೋ ತಿರುಚಿಕೊಂಡು ಎರಡು ಪದರ ಆಗಿರಬಹುದು. ಸೀಟ್ ಕವರ್ ಹಾಕುವಾಗ ಬೆಲ್ಟಿನ ಕೆಳತುದಿ ಸಿಕ್ಕಿಕೊಂಡಿರಬಹುದು. ಟಿಂಕರಿಂಗ್ ಕೆಲಸಕ್ಕೆ ಬಿಚ್ಚಿದ ಡಬ್ಬಿಯನ್ನ ಸ್ವಲ್ಪ ಓರೆಯಾಗಿ ಕೂರಿಸಿದ್ರೆ ಒಳಗಿನ ಗುಂಡು ಯಾವಾಗಲೂ ಉರುಳಿಕೊಂಡೇ ಇರುತ್ತೆ, ಬೆಲ್ಟ್ ಮಾತುಮಾತಿಗೂ ಲಾಕ್ ಆಗುತ್ತೆ. ಸ್ಪ್ರಿಂಗ್ ನಿಜವಾಗಿ ದಣಿದಿರೋದೂ ಉಂಟು. ಆದ್ರೆ ಆ ತೀರ್ಮಾನಕ್ಕೆ ಕೊನೆಗೆ ಬನ್ನಿ.

ಸಡಿಲಾದ್ರೆ ಏನಾಗುತ್ತೆ?

ಗಂಟೆಗೆ 54 ಕಿ.ಮೀ. ಅಂದ್ರೆ ಸೆಕೆಂಡಿಗೆ 15 ಮೀಟರ್. ಕಾರು ಎಲ್ಲಿಗಾದ್ರೂ ಗುದ್ದಿದಾಗ ಮುಂಭಾಗ ನಜ್ಜುಗುಜ್ಜಾಗಿ ನಿಲ್ಲೋಕೆ ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗ ಹಿಡಿಯುತ್ತೆ. ಬೆಲ್ಟ್ ಮೈಗೆ ತಾಗಿಕೊಂಡಿದ್ರೆ ಆ ಹೊತ್ತಿನ ಬಹುಪಾಲು ನಿಮಗೂ ಸಿಗುತ್ತೆ. ಕಾರಿನ ಜೊತೆಗೇ ನಿಮ್ಮ ವೇಗವೂ ಇಳಿಯುತ್ತೆ. ಬೆಲ್ಟ್ ಸಡಿಲಿದ್ರೆ ಮೊದಲ ಪಾಲು ಸುಮ್ಮನೆ ಹೋಗುತ್ತೆ. ಕಾರು ನಿಲ್ತಾ ಇದೆ, ನೀವು ಮಾತ್ರ ಮೊದಲಿನ ವೇಗದಲ್ಲೇ ಮುಂದೆ ಹೋಗ್ತಾ ಇದೀರ. ಆಮೇಲೆ ಬೆಲ್ಟ್ ಹಿಡಿಯುವಾಗ ಉಳಿದ ಸ್ವಲ್ಪ ಹೊತ್ತಿನಲ್ಲೇ ಅಷ್ಟೂ ವೇಗ ಇಳಿಸಬೇಕು. ಹಾಗಾಗಿ ಎದೆಯ ಮೇಲೆ ಬೀಳೋ ಹೊಡೆತ ಹೆಚ್ಚು.

ಇನ್ನೊಂದು ಅಪಾಯ ಸೊಂಟದ್ದು. ಕೆಳಗಿನ ಪಟ್ಟಿ ಸೊಂಟದ ಮೂಳೆ ಮೇಲೆ ಕೂರಬೇಕು. ಸಡಿಲಿದ್ರೆ ಮೇಲೆ ಜಾರಿ ಹೊಟ್ಟೆಗೆ ಬರುತ್ತೆ. ಮೂಳೆ ತಡೆಯೋ ಹೊಡೆತವನ್ನ ಕರುಳು ತಡೆಯಲ್ಲ.

‘ಏರ್‌ಬ್ಯಾಗ್ ಇದೆಯಲ್ಲ’ ಅನ್ನಬೇಡಿ. ಏರ್‌ಬ್ಯಾಗ್ ಗಂಟೆಗೆ 200 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಉಬ್ಬುತ್ತೆ. ಬೆಲ್ಟ್ ನಿಮ್ಮನ್ನ ಸೀಟಿನಲ್ಲೇ ಹಿಡಿದಿದೆ ಅನ್ನೋ ಲೆಕ್ಕದಲ್ಲಿ ಅದನ್ನ ಮಾಡಿರ್ತಾರೆ. ಸಡಿಲಾದ ಬೆಲ್ಟಿನಿಂದ ನೀವು ಮೊದಲೇ ಮುಂದೆ ಬಗ್ಗಿದ್ರೆ, ಉಬ್ಬುತ್ತಿರೋ ಏರ್‌ಬ್ಯಾಗೇ ನಿಮಗೆ ಹೊಡೆಯುತ್ತೆ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದಲ್ಲಿ ಸೀಟ್ ಬೆಲ್ಟ್ ಹಾಕದೆ ಸತ್ತವರು 16,715 ಮಂದಿ. ಅವರಲ್ಲಿ 8,384 ಚಾಲಕರು, 8,331 ಪ್ರಯಾಣಿಕರು. ಬೆಲ್ಟ್ ಇದ್ದೂ ಅದು ಸರಿಯಾಗಿ ಕೆಲಸ ಮಾಡದ ಕಾರಣಕ್ಕೆ ಹಾಕದೆ ಕೂತವರಿಗೆ ಈ ಪಟ್ಟಿಯಲ್ಲಿ ಬೇರೆ ಕಾಲಂ ಇಲ್ಲ. ಆದ್ರೆ ಬೆಲ್ಟ್ ಬಿಡೋ ಅಭ್ಯಾಸ ಹೇಗೆ ಶುರುವಾಗುತ್ತೆ ಅಂತ ನನ್ನ ಮನೆಯಲ್ಲೇ ನೋಡಿದೀನಿ. ಮೊದಲು ಸಿಕ್ಕಿಕೊಳ್ಳುತ್ತೆ ಅಂತ ಬೇಜಾರು, ಆಮೇಲೆ ಕ್ಲಿಪ್, ಆಮೇಲೆ ‘ಇಲ್ಲೇ ಪೇಟೆಗಲ್ವಾ, ಬಿಡು’.

ಮನೆಯಲ್ಲೇ ಮಾಡಬಹುದಾದ್ದು

ಬೇಕಾಗಿರೋದು ಒಂದು ಮಗ್ ಉಗುರುಬೆಚ್ಚಗಿನ ನೀರು, ಸ್ವಲ್ಪ ಸೌಮ್ಯ ಸೋಪು ಅಥವಾ ಶಾಂಪೂ, ಎರಡು ಹಳೇ ಕಾಟನ್ ಬಟ್ಟೆ, ಬಟ್ಟೆ ಒಣಗಿಸೋ ಒಂದು ಕ್ಲಿಪ್. ಮಳೆ ಬಿಟ್ಟ ದಿನ ಮಾಡಿ.

ಮೊದಲು ಕಾರನ್ನ ಸಮ ಜಾಗದಲ್ಲಿ ನಿಲ್ಲಿಸಿ ಬೆಲ್ಟನ್ನ ನಿಧಾನಕ್ಕೆ ಪೂರ್ತಿ ಹೊರಗೆ ಎಳೆಯಿರಿ. ದಿನಾ ನೋಡದ ಆ ಕೊನೆಯ ಭಾಗವನ್ನೂ ನೋಡಿ. ಅಂಚಿನಲ್ಲಿ ನೂಲು ಕಿತ್ತಿದ್ರೆ, ಕೊಯ್ದಿದ್ರೆ, ಇಲಿ ಕಡಿದಿದ್ರೆ ತೊಳೆಯೋ ಕೆಲಸ ಅಲ್ಲಿಗೇ ನಿಲ್ಲಿಸಿ, ಬೆಲ್ಟ್ ಬದಲಾಯಿಸಬೇಕು. ತಿರುಚಿದ್ರೆ ಬಿಡಿಸಿ.

ಚೆನ್ನಾಗಿದ್ರೆ, ಬೆಲ್ಟ್ ಒಳಗೆ ಓಡದ ಹಾಗೆ ಡಿ ರಿಂಗಿನ ಹತ್ತಿರ ಕ್ಲಿಪ್ ಹಾಕಿ. ಸೋಪು ನೀರಲ್ಲಿ ಬಟ್ಟೆ ಅದ್ದಿ, ಹಿಂಡಿ, ಬೆಲ್ಟನ್ನ ಎರಡೂ ಬದಿ ಒರೆಸಿ. ಆಮೇಲೆ ಬರೀ ನೀರಿನ ಬಟ್ಟೆಯಲ್ಲಿ ಒರೆಸಿ. ನೀರು ಸುರಿಯಬೇಡಿ, ಡಬ್ಬಿಯೊಳಗೆ ಹೋಗುತ್ತೆ.

ಮುಖ್ಯ ಕೆಲಸ ಆ ಬಳೆ. ಒದ್ದೆ ಬಟ್ಟೆಯ ತುದಿಯನ್ನ ಬೆಲ್ಟಿನ ಪಕ್ಕದಲ್ಲೇ ಬಳೆಯ ಸಂದಿಗೆ ತೂರಿಸಿ, ಮೊಸರು ಕಡೆಯೋ ಹಾಗೆ ಆ ಕಡೆ ಈ ಕಡೆ ಎಳೆಯಿರಿ. ನನ್ನ ಬಟ್ಟೆಗೆ ಬಂದಿದ್ದು ಕಪ್ಪು ಬಣ್ಣದ ಅಂಟು. ಬಟ್ಟೆ ಬಿಳಿಯಾಗಿ ಬರೋವರೆಗೂ ಮಾಡಿ.

ಆಮೇಲೆ ಒಣಗಿಸೋದು. ಬೆಲ್ಟ್ ಹೊರಗಿದ್ದ ಹಾಗೇ ನೆರಳಲ್ಲಿ ಪೂರ್ತಿ ಒಣಗಲಿ. ನಮ್ಮ ಹವೆಗೆ ಒಂದು ರಾತ್ರಿ ಬೇಕಾಗಬಹುದು. ಹಸಿ ಬೆಲ್ಟ್ ಒಳಗೆ ಬಿಟ್ರೆ ಮತ್ತೆ ಬೂಷ್ಟು.

ಕೊನೆಗೆ ಕ್ಲಿಪ್ ತೆಗೆದು ಮೂರು ಪರೀಕ್ಷೆ. ಎಳೆದು ಬಿಟ್ರೆ ಪೂರ್ತಿ ಒಳಗೆ ಹೋಗಬೇಕು. ಗಕ್ಕನೆ ಜಗ್ಗಿದ್ರೆ ಲಾಕ್ ಆಗಬೇಕು. ಬಕಲ್ಲಿಗೆ ಹಾಕಿದ್ರೆ ಕ್ಲಿಕ್ ಅಂದು, ಜಗ್ಗಿದ್ರೂ ಬಿಚ್ಚಬಾರದು. ನಮ್ಮ ಕಾರಿನ ಬೆಲ್ಟ್ ಆ ತೊಳೆದ ಮಾರನೇ ದಿನದಿಂದ ಹೊಸತರ ಹಾಗೆ ಓಡಾಡ್ತಿದೆ. ಖರ್ಚು ಒಂದು ಶಾಂಪೂ ಪೊಟ್ಟಣ. ಒಂದು ವರ್ಷ ಮುಂದೂಡಿದ ಕೆಲಸ ಇಷ್ಟೇ ಆಗಿತ್ತು.

ಮಾಡಬಾರದ್ದು

ಎಣ್ಣೆ, ಗ್ರೀಸ್, ಸ್ಪ್ರೇ ಹೊಡೀಬೇಡಿ. ಒಬ್ಬರು ನನಗೂ ಹೇಳಿದ್ರು, ‘ಸ್ವಲ್ಪ ಆಯಿಲ್ ಬಿಡಿ ಅಣ್ಣ, ಸರಸರ ಹೋಗ್ತದೆ’ ಅಂತ. ಒಂದು ವಾರ ಹೋಗುತ್ತೆ, ಆಮೇಲೆ ಆ ಎಣ್ಣೆಗೇ ಧೂಳು ಮೆತ್ತಿಕೊಳ್ಳುತ್ತೆ. ಪೆಟ್ರೋಲ್, ಸೀಮೆಎಣ್ಣೆ, ಬ್ಲೀಚಿಂಗ್ ಪೌಡರ್ ಕೂಡ ಬೇಡ. ಬೆಲ್ಟ್ ಪಾಲಿಯೆಸ್ಟರ್ ನೂಲಿನದ್ದು, ಅದರ ಶಕ್ತಿ ಇರೋದೇ ನೂಲಿನಲ್ಲಿ.

ಡಬ್ಬಿಯನ್ನ ಬಿಚ್ಚಲೇಬೇಡಿ. ಸ್ಪ್ರಿಂಗ್ ಹಾರಿದ್ರೆ ಮತ್ತೆ ಸುತ್ತಿ ಕೂರಿಸೋಕೆ ಆಗಲ್ಲ. ಅದಕ್ಕಿಂತ ದೊಡ್ಡ ಕಾರಣ, ಈಗಿನ ಬಹಳಷ್ಟು ಕಾರುಗಳ ಮುಂದಿನ ಬೆಲ್ಟಿನಲ್ಲಿ ಪ್ರಿಟೆನ್ಷನರ್ ಇರುತ್ತೆ. ಅಪಘಾತ ಆದ ಕ್ಷಣ ಸಣ್ಣ ಸ್ಫೋಟಕ ಸಿಡಿದು ಬೆಲ್ಟನ್ನ ಒಳಗೆ ಜಗ್ಗೋ ವ್ಯವಸ್ಥೆ ಅದು. ಅದು ಕೈಯಲ್ಲಿ ಸಿಡಿದ್ರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ.

ತೊಳೆದ ಮೇಲೂ ಬೆಲ್ಟ್ ಹೋಗದಿದ್ರೆ, ಜಗ್ಗಿದಾಗ ಲಾಕ್ ಆಗದಿದ್ರೆ, ಅಥವಾ ಕಾರು ಜೋರಾಗಿ ಗುದ್ದಿದ್ರೆ, ಸರ್ವಿಸ್ ಸೆಂಟರಿಗೆ ಹೋಗಿ ಪೂರ್ತಿ ಸೆಟ್ ಬದಲಾಯಿಸಿ. ಗುಜರಿಯಿಂದ ತಂದ ಬೆಲ್ಟ್ ಬೇಡ. ಅದು ಯಾವ ಅಪಘಾತದಲ್ಲಿ ಒಮ್ಮೆ ಎಳೆತ ತಿಂದಿದೆಯೋ ನೋಡಿದ್ರೆ ಗೊತ್ತಾಗಲ್ಲ.

ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೋಗೋ ಗೆಳೆಯರೇ, ಮೊದಲು ಎಲ್ಲ ಬೆಲ್ಟನ್ನೂ ಕೊನೆವರೆಗೆ ಎಳೆಯಿರಿ. ತುದಿಯಲ್ಲಿ ಮಣ್ಣು, ನೀರಿನ ಗೆರೆ ಇದ್ರೆ ಆ ಕಾರು ನೆರೆಯಲ್ಲಿ ಮುಳುಗಿ ಎದ್ದಿರಬಹುದು. ಸೀಟ್ ಕವರ್ ಬದಲಾಯಿಸ್ತಾರೆ, ಬೆಲ್ಟಿನ ತುದಿ ತೊಳೆಯೋಕೆ ಮರೀತಾರೆ.

ಕಂಪನಿಯ ತಪ್ಪಾಗಿದ್ರೆ?

ಎಲ್ಲವೂ ಧೂಳಿನಿಂದಲೇ ಆಗಲ್ಲ. 2022ರ ಡಿಸೆಂಬರಿನಲ್ಲಿ ಮಾರುತಿ ಸುಜುಕಿ 9,125 ಕಾರುಗಳನ್ನ ವಾಪಸ್ ಕರೀತು. ಸಿಯಾಜ್, ಬ್ರೆಜ್ಜಾ, ಎರ್ಟಿಗಾ, ಎಕ್ಸ್‌ಎಲ್6, ಗ್ರ್ಯಾಂಡ್ ವಿಟಾರಾ ಅದರಲ್ಲಿದ್ವು. ಮುಂದಿನ ಸೀಟಿನ ಬೆಲ್ಟನ್ನ ಭುಜದ ಎತ್ತರಕ್ಕೆ ಹೊಂದಿಸೋ ಭಾಗದಲ್ಲಿ ದೋಷ ಇರಬಹುದು ಅನ್ನೋದು ಕಾರಣ. ಮರು ತಿಂಗಳೇ ಹಿಂದಿನ ಸೀಟ್ ಬೆಲ್ಟಿನ ಬ್ರ್ಯಾಕೆಟ್ ಬಗ್ಗೆ 11,177 ಗ್ರ್ಯಾಂಡ್ ವಿಟಾರಾಗಳನ್ನ ಕರೀತು. ಇಂಥ ವಾಪಸಾತಿಯಲ್ಲಿ ಪರೀಕ್ಷೆ, ರಿಪೇರಿ ಉಚಿತ. ಹೊಸ ಕಾರಲ್ಲೇ ಬೆಲ್ಟ್ ಸಿಕ್ಕಿಕೊಳ್ತಿದ್ರೆ ಸೋಪು ನೀರು ತರಬೇಡಿ. ಚಾಸಿ ನಂಬರ್ ಹಿಡ್ಕೊಂಡು ಕಂಪನಿಯನ್ನ ಕೇಳಿ, ದೂರನ್ನ ಬರಹದಲ್ಲಿ ಕೊಟ್ಟು ಜಾಬ್ ಕಾರ್ಡ್ ಇಟ್ಟುಕೊಳ್ಳಿ.

ಇನ್ನು ಬೀಪ್ ಸದ್ದು ನಿಲ್ಲಿಸೋಕೆ ಬಕಲ್ಲಿಗೆ ಸಿಕ್ಕಿಸೋ ಖಾಲಿ ಲೋಹದ ತುಂಡು. 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ದೊಡ್ಡ ಆನ್‌ಲೈನ್ ಮಳಿಗೆಗಳಿಗೆ ಆದೇಶ ಕೊಟ್ಟು ಇಂಥ 13,118 ಪಟ್ಟಿಗಳನ್ನ ತೆಗೆಸಿತು. ನಾನು ತರಿಸಿದ ಕ್ಲಿಪ್ ಅದಲ್ಲದಿದ್ರೂ ಅದರ ತಮ್ಮನೇ.

ಹಿಂದಿನ ಸೀಟು

2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಹತ್ತಿರ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡಿದ್ದು ನಿಮಗೆ ನೆನಪಿರಬಹುದು. ಅವರು ಹಿಂದಿನ ಸೀಟಿನಲ್ಲಿದ್ರು, ಬೆಲ್ಟ್ ಹಾಕಿರಲಿಲ್ಲ ಅಂತ ಪೊಲೀಸರು ಹೇಳಿದ್ರು. ಮುಂದಕ್ಕೆ ಮುಖ ಮಾಡಿದ ಹಿಂದಿನ ಸೀಟಿನವರೂ ಬೆಲ್ಟ್ ಹಾಕಬೇಕು ಅನ್ನೋದು ನಿಯಮ. ಮೋಟಾರು ವಾಹನ ಕಾಯ್ದೆಯ 194ಬಿ ಸೆಕ್ಷನ್‌ನಲ್ಲಿ ಬೆಲ್ಟ್ ಹಾಕದ್ದಕ್ಕೆ 1,000 ರೂಪಾಯಿ ದಂಡ ಇದೆ.

ಈಗ ನಿಮ್ಮ ಮನೆ ಕಾರಿನ ಹಿಂದಿನ ಸೀಟಿಗೆ ಹೋಗಿ ನೋಡಿ. ನಮ್ಮ ಕಾರಲ್ಲಿ ಎರಡು ಬಕಲ್ ಸೀಟ್ ಕವರಿನ ಅಡಿಗೆ ಸೇರಿದ್ವು. ಒಂದು ಬೆಲ್ಟ್ ಎಷ್ಟು ವರ್ಷದಿಂದ ಎಳೆಯದೇ ಇತ್ತೋ, ಅದರೊಳಗೆ ಜೇಡ ಗೂಡು ಕಟ್ಟಿತ್ತು. ಆಗುಂಬೆ ಘಾಟಿ ಇಳಿದು ಮಣಿಪಾಲದ ಆಸ್ಪತ್ರೆಗೆ ಹೋಗುವಾಗ, ಹುಲಿಕಲ್ ಘಾಟಿ ಇಳಿದು ಕುಂದಾಪುರಕ್ಕೆ ಹೋಗುವಾಗ ನಾವು ಅಜ್ಜಿಯನ್ನ, ಮಕ್ಕಳನ್ನ ಕೂರಿಸೋದು ಅಲ್ಲೇ ಅಲ್ವಾ?

ಹಾಗಾಗಿ ನಾಳೆ ಕಾರು ಹತ್ತಿದಾಗ ಬರೀ ಒಂದು ನಿಮಿಷ ಕೊಡಿ. ಎಲ್ಲ ಬೆಲ್ಟನ್ನೂ ಒಂದೊಂದಾಗಿ ಎಳೆದು ಬಿಡಿ. ಪೂರ್ತಿ ವಾಪಸ್ ಹೋಗದ್ದು ಯಾವುದು ಅಂತ ನೋಡ್ಕೊಳ್ಳಿ, ಭಾನುವಾರ ಅದನ್ನ ತೊಳೆಯಿರಿ. ಹಾಕಿಕೊಂಡ ಮೇಲೆ ಸೊಂಟದ ಪಟ್ಟಿಯನ್ನ ಕೆಳಗೆ ಸರಿಸಿ, ಭುಜದ ಪಟ್ಟಿಯನ್ನ ಒಮ್ಮೆ ಮೇಲಕ್ಕೆ ಎಳೆದು ಸಡಿಲು ತೆಗೀರಿ.

ಅಮ್ಮನ ಹಣೆಯ ಗೆರೆ ಈಗ ಕುಂಕುಮದ ಪಕ್ಕದಲ್ಲಿ ತೆಳ್ಳಗೆ ಕಾಣುತ್ತೆ. ಕಾರು ಹತ್ತಿದ ಕೂಡಲೇ ಬೆಲ್ಟ್ ಎಳೆದು ಬಿಟ್ಟು, ‘ಹೋಯ್ತು ನೋಡು’ ಅಂತಾಳೆ. ಆಮೇಲೇ ನಾನು ಗೇರ್ ಹಾಕೋದು.

ಮುಂದಿನ ವಾರ ಸಿಗೋಣ. ನಿಧಾನ ಓಡಿಸಿ.